ಹಿರೀ ಕುಸುಮ, ಕಿರೀ ಕುಸುಮ

ಕುಸುಮ ಫೋನನ್ನು ಚಾರ್ಜಿಗೆ ಹಾಕಿ, ಅಲ್ಲೇ ಮರೆತು ಚಾಮುಂಡಿ ಬೆಟ್ಟಕ್ಕೆ ಹೋದದ್ದೇ ಎಲ್ಲ ರಾದ್ಧಾಂತಕ್ಕೂ ಮೂಲ. ಮೆಟ್ಟಿಲು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುವ ಹರಕೆ. ಅದೇನು ಬೇಗ ಮುಗಿಯುವ ಬಾಬತ್ತೇ? ಗಂಡ ಲಿಂಗರಾಜು ಹೆಬ್ಬಾಳದ ಕಾರ್ಖಾನೆಯಲ್ಲಿ ನೈಟ್ ಶಿಫ್ಟ್ ಮುಗಿಸಿ ಬಂದು, ಸರ್ಕಾರಿ ವಸತಿ ಬ್ಲಾಕಿನ ತನ್ನ ಮನೆಯಲ್ಲಿ ಆಗಷ್ಟೇ ಚಾಪೆ ಹಾಸಿದ್ದ.

ಮೇಲಿನ ಮನೆಯ ಹುಚ್ಚಣ್ಣ ದಬದಬ ಬಾಗಿಲು ಬಡಿದ. "ಏಳೋ ಲಿಂಗರಾಜು! ಫೈಲ್ ಇಡ್ಕಂಡು ಒಬ್ರು ಮೇಡಮ್ಮು ಮನೆಮನೆಗೂ ಬತ್ತಾವ್ರೆ. ತನಿಖೆ ಕಣೋ! ಯಾವ ಎಂಗ್ಸಿನ ಹೆಸ್ರಿಗೆ ಮನೆ ಕೊಟ್ಟವ್ರೋ ಅವ್ಳು ಒಳಗಿಲ್ಲಾಂದ್ರೆ ಬೀಗ ಜಡೀತಾರಂತೆ. ಎಲ್ಲೋ ನಿನ್ನೆಡ್ತಿ?"

ಲಿಂಗರಾಜು ಗಾಬರಿಯಿಂದ ಹೆಂಡತಿಗೆ ಫೋನ್ ಮಾಡಿದ. ಅದು ಅವನ ತಲೆಯ ಮೇಲಿನ ಗೂಡಿನಲ್ಲೇ ರಿಂಗಾಯಿತು. ಹುಚ್ಚಣ್ಣ ಏನೋ ಹೊಳೆದವನಂತೆ ಮೇಲಕ್ಕೆ ಓಡಿದ. ವರ್ಷಗಟ್ಟಲೆ ತಗಡಿನ ಸೂರಿನಡಿ ಬೆಂದ ಮೇಲೆ ಸಿಕ್ಕ ಮನೆ. ಇದು ಕೈಬಿಟ್ಟರೆ ಕುಸುಮಳಿಗೆ ಯಾವ ಮುಖ ತೋರಿಸುವುದು?

ಗಲಾಟೆ ಕೇಳಿ ಎದುರು ಮನೆಯ ತಿಮ್ಮಮ್ಮ ಬಂದಳು. "ಯಾಕಪ್ಪಾ ಇಂಗೆ ನಡುಗ್ತೀಯ? ನಾನೇ ಕುಸುಮ ಅಂದ್ಬುಡ್ತೀನಿ ಬುಡು."

"ತಿಮ್ಮಕ್ಕಾ, ನಮ್ಮವ್ವನ ವಯಸ್ಸು ನಿಂಗೆ!"

"ತಲೆಗೆ ಬಣ್ಣ ಆಕಿವ್ನಿ ಕಣೋ," ಎಂದು ತಿಮ್ಮಮ್ಮ ಸೆರಗು ಹೊದ್ದು ಕುರ್ಚಿಯಲ್ಲಿ ಕುಳಿತೇಬಿಟ್ಟಳು.

ಮೇಡಂ ನಗುತ್ತ ಒಳಗೆ ಬಂದರು. "ಕುಸುಮ ಅವರ ಮನೆ ಇದೇನಾ?"

"ನಾನೇ ಕುಸುಮ," ಎಂದಳು ತಿಮ್ಮಮ್ಮ.

ಅಷ್ಟರಲ್ಲಿ, ತಿಮ್ಮಮ್ಮ ಕುಸುಮ ಆಗಿರುವುದು ತಿಳಿಯದ ಹುಚ್ಚಣ್ಣ ಮೇಲಿನಿಂದ ಕಳಿಸಿದ್ದ ಅವನ ಸೊಸೆ ಸುಚಿತ್ರಾ, ಕಂಕುಳಲ್ಲಿ ಮಗುವಿನೊಂದಿಗೆ ಏದುಸಿರು ಬಿಡುತ್ತ ಬಂದಳು. "ನಮಸ್ಕಾರ ಮೇಡಂ, ನಾನೇ ಕುಸುಮ."

ಲಿಂಗರಾಜು ತಲೆಯ ಮೇಲೆ ಕೈ ಹೊತ್ತ. ಸೊಸೆಯ ಹಿಂದೆಯೇ ಬಂದ ಹುಚ್ಚಣ್ಣ ಮಾತ್ರ ಕಂಗಾಲಾಗುವ ಆಸಾಮಿಯಲ್ಲ. "ಅವ್ರು ಹಿರೀ ಕುಸುಮ, ಇವ್ರು ಕಿರೀ ಕುಸುಮ ಮೇಡಂ. ಇಬ್ರೂ ಇವನ ಎಡ್ತೀರೇ. ಮನೆ ಯಾವತ್ತೂ ಖಾಲಿ ಇರಾಕಿಲ್ಲ."

ಮೇಡಂ ಮುಖದ ನಗು ಮಾಯವಾಯಿತು. ತಿಮ್ಮಮ್ಮನ ಕೈ ಹಿಡಿದು, "ಹೆದರಬೇಡಿ ತಾಯಿ. ಗಂಡನಿಂದ ಏನೇನು ಕಷ್ಟ, ಮನಸ್ಸು ಬಿಚ್ಚಿ ಹೇಳಿ," ಎಂದರು.

ಹುಟ್ಟಿದಾಗಿನಿಂದ ತಿಮ್ಮಮ್ಮನನ್ನು ಯಾರೂ ಹೀಗೆ ಕೇಳಿರಲಿಲ್ಲ. ಪಾಪ, ತಾನು ಕುಸುಮ ಎನ್ನುವುದೇ ಮರೆತುಹೋಗಿ ತನ್ನ ಗಂಡ ಮಂಟಯ್ಯನನ್ನು ನೆನೆದು ಅತ್ತಳು. "ಪಂಪು ಕೆಟ್ಟಾಗ ನಾನು ಮಂಡಿನೋವಲ್ಲಿ ಕೊಡ ಹೊತ್ಕಂಡು ಬಂದ್ರೆ, ಕುಂತಲ್ಲೇ ಟೀ ಕೇಳ್ತಾನೆ ಕಣಮ್ಮ!"

ಸುಚಿತ್ರಾಳಿಗೂ ತನ್ನ ಗಂಡ ನೆನಪಾದ. "ಮಗೂನ ಒಂದಿನಾನೂ ಎತ್ಕೊಂಡಿಲ್ಲ ಮೇಡಂ. ಕೆಲ್ಸಕ್ಕೆ ಹೋಗ್ತೀನಿ ಅಂದ್ರೆ ವಾರಗಟ್ಲೆ ಮಾತು ಬಿಡ್ತಾರೆ."

ಬ್ಲಾಕಿನ ಗಂಡಂದಿರ ಪಾಪವೆಲ್ಲ ತನ್ನ ತಲೆಗೇ ಸುತ್ತಿಕೊಳ್ಳುತ್ತಿರುವುದನ್ನು ನೋಡಿ ಲಿಂಗರಾಜು ಕೂಗಿದ, "ಮೇಡಂ, ಇವ್ರ್ಯಾರೂ ನನ್ನ ಹೆಂಡ್ತೀರೇ ಅಲ್ಲ!"

"ನೋಡಿ ಮೇಡಂ, ಯಾವಾಗ್ಲೂ ಇಂಗೇ ಅನ್ನೋದು," ಎಂದು ತಿಮ್ಮಮ್ಮ ಇನ್ನೂ ಜೋರಾಗಿ ಅತ್ತಳು.

ಆಗ ಬಂದಳು ನಿಜವಾದ ಕುಸುಮ, ಕೈತುಂಬ ಕುಂಕುಮ ಮೆತ್ತಿಕೊಂಡು. ಲಿಂಗರಾಜು ತಡವರಿಸುತ್ತ ನಡೆದದ್ದನ್ನೆಲ್ಲ ಒದರಿದ. ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯೋ, ನಾನು ತನಿಖೆಗೆ ಬಂದವಳೇ ಅಲ್ಲ ಕಣ್ರೀ. ಇಲ್ಲಿನ ಹೆಣ್ಣುಮಕ್ಕಳ ಕಷ್ಟ ಕೇಳಿ ಜೊತೆಗೆ ನಿಲ್ಲೋ ಸಂಘದವಳು."

"ಹಂಗಾದ್ರೆ ಮನೆ ಹೋಗಲ್ವಾ?" ಲಿಂಗರಾಜುವಿಗೆ ಹೋದ ಜೀವ ಬಂತು.

"ಎಲ್ಲಿಗೂ ಹೋಗಲ್ಲ. ಅದು ಕುಸುಮ ಅವರದು. ಕುಸುಮ, ನೀವೇನಾದ್ರೂ ಹೇಳೋದಿದ್ಯಾ?"

ಕುಸುಮ ಚಾಪೆ ಎಳೆದು ಚಕ್ಕಂಬಕ್ಕಳ ಹಾಕಿ ಕುಳಿತಳು. "ಇವ್ರಿಬ್ರೂ ಹೇಳಿದ್ದೇನು ಮಹಾ ಮೇಡಂ! ನಾನು ಮದ್ವೆ ದಿನದಿಂದ ಶುರು ಮಾಡ್ಲಾ?"

ಮೇಡಂ ಲಿಂಗರಾಜುವಿನ ಕಡೆ ತಿರುಗಿದರು. "ನೀವು ಬಾಗಿಲು ಎಳ್ಕೊಂಡು ಆಚೆ ಇರಿ."