ಮೇಷ್ಟರ ಪೆಟ್ಟಿಗೆಗೆ ಹೊಸ ಮುಳ್ಳು

ಸಂಜೆಯೊಳಗೆ ರೆಕಾರ್ಡ್ ಪ್ಲೇಯರ್ ಸರಿಹೋಗಬೇಕು, ಇಲ್ಲದಿದ್ದರೆ ಮಗಳ ಮಾತೇ ಎತ್ತಬೇಡ ಎಂದು ನಿವೃತ್ತ ಮೇಷ್ಟರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಕನ್ನಡಕದಂಗಡಿಯ ಯುವಕನಿಗೆ ಅವರ ಮಗಳನ್ನು ಮದುವೆಯಾಗುವ ಹುಚ್ಚು. ಮೇಷ್ಟರಿಗೆ ತಾವು ಹರೆಯದಲ್ಲಿ ಸಭೆಯೊಂದರಲ್ಲಿ ಹಾಡಿ ರೆಕಾರ್ಡು ಮಾಡಿಸಿಕೊಂಡ ಒಂದೇ ಒಂದು ಹಾಡಿನ ಹುಚ್ಚು. ಅದಕ್ಕೆ ಇನ್ನೊಂದು ಪ್ರತಿ ಈ ಲೋಕದಲ್ಲೇ ಇಲ್ಲ. ಅದನ್ನು ಹಾಕುವ ಪ್ಲೇಯರ್ ಪೆಟ್ಟಿಗೆಯೋ, ಕೊಂಡ ಅಂಗಡಿಯಲ್ಲಿದ್ದುದರಲ್ಲೇ ಅಗ್ಗದ್ದು. ಹಾಡಿನ ನಡುವೆ ರೆಕಾರ್ಡಿನ ಮೇಲೆ ಓಡುವ ಮುಳ್ಳು ಕಪ್ಪೆಯ ಹಾಗೆ ನೆಗೆಯುತ್ತಿತ್ತು.

ಪಾಪ, ರಜೆ ಹಾಕಿ ಬಂದ ಯುವಕ ಮೇಷ್ಟರ ಹಜಾರದಲ್ಲಿ ಕೂತು ಸವೆದ ಮುಳ್ಳನ್ನು ಕಿತ್ತು, ಒಳ್ಳೆಯ ಜಾತಿಯ ಹೊಸದನ್ನು ಸಿಕ್ಕಿಸಿದ. ಅಷ್ಟರಲ್ಲಿ ಪಕ್ಕದ ಮನೆಯ ಟೈಲರ್ ಹಾಜರು. ಕರೆಯದೆ ಬರುವುದರಲ್ಲಿ ಆತ ಎತ್ತಿದ ಕೈ.

“ಭಾರ ಸಾಲ್ದು ಕಣಯ್ಯಾ. ಮುಳ್ಳಿನ ತಲೆ ಮೇಲೊಂದು ನಾಣ್ಯ ಇಡು.”

“ಬೇಡ ಅಣ್ಣಾ! ಭಾರ ಜಾಸ್ತಿಯಾದ್ರೆ ರೆಕಾರ್ಡಿಗೆ ಗೀರು ಬೀಳುತ್ತೆ. ಗೀರು ಬಿದ್ರೆ ನನ್ನ ಕತೆ ಮುಗೀತು.”

“ನಿಂಗೇನ್ ಗೊತ್ತು, ಸುಮ್ನಿರು,” ಎಂದು ಆತ ಇಟ್ಟೇಬಿಟ್ಟ. ತಿರುಗುತ್ತಿದ್ದ ರೆಕಾರ್ಡಿನ ಮೇಲೆ ನಾಣ್ಯ ಠಣ್ಣನೆ ಜಾರಿತು. ಯುವಕನ ಜೀವ ಬಾಯಿಗೆ ಬಂತು. ಪುಣ್ಯಕ್ಕೆ ಅದು ಬಿದ್ದದ್ದು ರೆಕಾರ್ಡಿನ ನಡುವೆ ಅಂಟಿಸಿದ್ದ ಕಾಗದದ ಮೇಲೆ.

ಆಮೇಲೆ ಪೆಟ್ಟಿಗೆ ಇಟ್ಟಿದ್ದ ಸ್ಟೂಲು ವಾಲಿದೆ ಎಂದು ಟೈಲರ್ ಅದರ ಕಾಲಿನಡಿ ಬಟ್ಟೆ ತುರುಕಿದ. ಅದು ಇನ್ನೊಂದು ಕಡೆಗೆ ವಾಲಿತು. ಯುವಕ ಬೆವರೊರೆಸಿಕೊಂಡು ಎಲ್ಲವನ್ನೂ ಮತ್ತೆ ಮೊದಲಿನಿಂದ ಹೊಂದಿಸಿದ.

ಸಂಜೆ ಮೇಷ್ಟರು ಬಂದು ಕುರ್ಚಿಯಲ್ಲಿ ಕೂತರು. ಬಾಗಿಲ ಮರೆಯಲ್ಲಿ ಮಗಳು ಉಗುರು ಕಚ್ಚುತ್ತಿದ್ದಳು. ಹಾಡು ಶುರುವಾಯಿತು. ಒಂದು ನೆಗೆತವಿಲ್ಲ, ಒಂದು ಕರಕರವಿಲ್ಲ! ಮೇಷ್ಟರ ಕಣ್ಣು ತುಂಬಿ ಬಂತು. ಗೆದ್ದೆ ಎಂದುಕೊಂಡ ಯುವಕ.

ಹಾಡು ಮುಗಿಯಿತು. ಮೇಷ್ಟರು ಬೆರಳೆತ್ತಿದರು. “ಈಗ ಕೇಳಿ. ಇಡೀ ಸಭೆ ಚಟಪಟ ಅಂತ ಚಪ್ಪಾಳೆ ತಟ್ಟಿತ್ತು.”

ಎಲ್ಲರೂ ಕಿವಿಗೊಟ್ಟರು. ಒಂದು ಚಪ್ಪಾಳೆಯೂ ಇಲ್ಲ. ದೂರದಲ್ಲಿ ಯಾರೋ, “ಮುಗೀತಾ? ಸದ್ಯ!” ಎಂದದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

ಇಷ್ಟು ವರ್ಷ ಮೇಷ್ಟರು ಕೇಳಿದ್ದು ಸವೆದ ಮುಳ್ಳಿನ ಚಟಪಟ ಎಂದು ಯುವಕನಿಗೆ ಹೊಳೆಯಿತು. ಆದರೆ ಬಾಯಿಬಿಟ್ಟು ಹೇಳುವುದುಂಟೇ?

“ನನ್ನ ಚಪ್ಪಾಳೇನೆಲ್ಲ ನುಂಗಿಬಿಡ್ತಲ್ಲೋ ನಿನ್ನ ಹೊಸ ಮುಳ್ಳು!” ಮೇಷ್ಟರು ಗುಡುಗಿದರು. “ಹಳೇದನ್ನೇ ಹಾಕು. ಚಪ್ಪಾಳೆ ವಾಪಸ್ ಬಂದ್ಮೇಲೆ ಮದುವೆ ಮಾತು.”

ಯುವಕ ಸ್ಟೂಲಿನ ಕೆಳಗೆಲ್ಲ ತಡಕಾಡಿದ. “ಅಣ್ಣಾ, ಹಳೇ ಮುಳ್ಳು ನೋಡಿದ್ರಾ?”

ಟೈಲರ್ ಎದೆಯುಬ್ಬಿಸಿ ಹೇಳಿದ: “ಆ ದರಿದ್ರದ್ದಾ? ಇನ್ಯಾರೂ ಹಾಕ್ಬಾರ್ದು ಅಂತ ನಾನೇ ಕಲ್ಲಲ್ಲಿ ಜಜ್ಜಿ ಚರಂಡಿಗೆ ಎಸೆದ್ನಲ್ಲಯ್ಯಾ!”