ಬಾಳವ್ವನ ಮನಿಯಾರ್ಡರ್

ಬೆಳಗಾವಿಯಿಂದ ಖಾನಾಪುರ ಒಂದು ತಾಸಿನ ದಾರಿ. ಬೆಳಗಾವಿಯದೇ ಬಡಾವಣೆಯಾದ ವಡಗಾವಿಯ ಕಲ್ಮೇಶ ಪ್ರತಿ ರವಿವಾರ ಖಾನಾಪುರದಲ್ಲಿದ್ದ ತಾಯಿ ಬಾಳವ್ವನ ಮನೆಗೆ ಹೋಗಿ ಉಂಡು ಬರುತ್ತಿದ್ದ. ಆದರೆ ತಿಂಗಳ ಐನೂರು ರೂಪಾಯಿಯನ್ನು ಮಾತ್ರ ಆಕೆಯ ಕೈಗೆ ಕೊಡುವಂತಿರಲಿಲ್ಲ. ಅದು ಮನಿಯಾರ್ಡರಿನಲ್ಲೇ ಬರಬೇಕು. ಕೈಯಲ್ಲಿ ಕೊಟ್ಟರೆ ಓಣಿಗೆ ಗೊತ್ತಾಗುವುದು ಹೇಗೆ? ಪೋಸ್ಟಮನ್ ಗುರುಸಿದ್ದ ಸೈಕಲ್ ನಿಲ್ಲಿಸಿ ಕೂಗಬೇಕು, ಬಾಳವ್ವ ಕಟ್ಟೆಯ ಮೇಲೆ ಕೂತು ಹೆಬ್ಬೆಟ್ಟು ಒತ್ತಬೇಕು, ಎದುರುಮನೆಯ ಶಿವಬಸವ್ವ ಹೊಟ್ಟೆ ಉರಿದುಕೊಂಡೇ ಸಾಕ್ಷಿಯ ಸಹಿ ಹಾಕಬೇಕು. ಇಷ್ಟು ವೈಭವಕ್ಕೆ ಕಲ್ಮೇಶ ತೆರುತ್ತಿದ್ದ ಕಮಿಷನ್ ಇಪ್ಪತ್ತೈದು ರೂಪಾಯಿ.

ಆ ತಿಂಗಳು ಸಾಲು ರಜೆ ಬಂದು, ಕಲ್ಮೇಶ ಕಳಿಸಿದ್ದ ಮನಿಯಾರ್ಡರ್ ದಾರಿಯಲ್ಲೇ ತಡವಾಯಿತು. ಒಂದು ದಿನ ಬೆಳಿಗ್ಗೆಯೇ ಕಲ್ಮೇಶನ ಪಕ್ಕದ ಮನೆಯ ನೇಕಾರ ದುಂಡಪ್ಪನ ಫೋನಿಗೆ ಬಾಳವ್ವನ ಕರೆ ಬಂತು.

"ಶಿವಬಸವ್ವ 'ಮಗಾ ಕೈ ಬಿಟ್ನೇನ್ರೀ' ಅಂತ ಕೇಳಿದ್ಲೋ! ಮಂದಿಗೆ ಹೆಂಗ ಮಾರಿ ತೋರಸ್ಲಿ? ಇವತ್ತ ರೊಕ್ಕ ಬರಲಿಲ್ಲಂದ್ರ ನನ್ನ ಹೊಸ್ತಲಾ ತುಳೀಬ್ಯಾಡ!"

ಫೋನು ದುಂಡಪ್ಪನದು, ಆದ್ದರಿಂದ ಕದ್ದು ಕೇಳುವ ಹಕ್ಕೂ ಅವನದೇ. ಕಲ್ಮೇಶ ಕೇಳದಿದ್ದರೂ ಅವನು ಸಲಹೆ ಕೊಟ್ಟ.

"ಅಷ್ಟಕ್ಕ ಯಾಕ ಅಳತಿ? ಐನೂರು ನಾ ಕೊಡ್ತೀನಿ, ಒಯ್ದು ಅವ್ವಗ ಕೊಡು. ಮನಿಯಾರ್ಡರ್ ಬಂದಮ್ಯಾಲ ಅದನ್ನ ಇಸ್ಕೊಂಡು ನನಗ ಕೊಡು. ಆದ್ರ ಜಲ್ದಿ ಬೇಕಪಾ, ನೂಲಿನಾಂವ ಬಾಗಲಾ ಕಾಯಾಕತ್ತಾನ."

ತಾನು ದುಡಿಯುತ್ತಿದ್ದ ಅರಿವೆ ಅಂಗಡಿಯ ಮಾಲೀಕನ ಕೈಲಿ ಬೈಸಿಕೊಂಡು ರಜೆ ಪಡೆದ ಕಲ್ಮೇಶ, ಬಸ್ಸಿನಲ್ಲಿ ನಿಂತೇ ಖಾನಾಪುರ ಮುಟ್ಟಿದ. ಬಾಳವ್ವ ನೋಟುಗಳನ್ನು ಹಳಸಿದ ಅನ್ನ ನೋಡಿದಂತೆ ನೋಡಿದಳು.

"ಇದನ್ನ ತಗೊಂಡು ಏನ ಮಾಡ್ಲಿ? ಹೋಗು, ಪೋಸ್ಟಿನಾಗ ಹಾಕು."

ಮಾತೃಭಕ್ತ ಹೋದ. ಅಂಚೆ ಕಚೇರಿಯ ಕ್ಲಾರ್ಕ್ ಫಾರ್ಮು ತೆಗೆದುಕೊಂಡು ಕೇಳಿದ.

"ಯಾವೂರಿಗ್ರೀ?"

"ಖಾನಾಪುರಕ್ರೀ."

"ಇದ ಖಾನಾಪುರ್ರೀ!"

"ಗೊತ್ತೈತ್ರೀ. ಈ ಹಿಂದಿನ ಓಣಿಗೆ."

ಕ್ಲಾರ್ಕ್ ಕನ್ನಡಕ ತೆಗೆದ. "ನಡಕೊಂಡು ಹೋಗಿ ಕೊಟ್ರ ಕಾಲ ಸವೀತಾವೇನ್ರೀ?"

"ಕೊಟ್ಟಿದ್ನಿರೀ. ಅವ್ವ ತಗೊಳ್ಳಲಿಲ್ಲ."

ಪಾಳಿಯಲ್ಲಿದ್ದ ಮುದುಕನೊಬ್ಬ ಲೊಚಗುಟ್ಟಿದ. "ಖರೇನ ಕಾಲ ಕೆಟ್ಟೈತಿ. ಹಡದ ತಾಯಿ ಜೋಡಿ ಮಾತ ಬಿಟ್ಟಾನ ನೋಡ್ರಿ." ಹಿಂದಿದ್ದವರೆಲ್ಲ ಕಲ್ಮೇಶನಿಗೆ ಬುದ್ಧಿ ಹೇಳತೊಡಗಿದರು. ಪಾಪದವನು ತಲೆ ತಗ್ಗಿಸಿ ಇಪ್ಪತ್ತೈದು ರೂಪಾಯಿ ಕಮಿಷನ್ ಎಣಿಸಿದ. ಐನೂರು ರೂಪಾಯಿ ಕ್ಲಾರ್ಕಿನ ಮೇಜಿನಿಂದ ಪಕ್ಕದಲ್ಲೇ ಇದ್ದ ಗುರುಸಿದ್ದನ ಮೇಜಿಗೆ ಸಕಲ ಸರಕಾರಿ ಮರ್ಯಾದೆಯೊಂದಿಗೆ ಪ್ರಯಾಣ ಬೆಳೆಸಿತು. ಕಲ್ಮೇಶ ಕೈಕಾಲು ಹಿಡಿದದ್ದಕ್ಕೆ ಗುರುಸಿದ್ದ ಅದನ್ನು ಮಧ್ಯಾಹ್ನದ ಬಟವಾಡೆಗೆ ಸೇರಿಸಿಕೊಂಡ.

ಮನೆಗೆ ಬಂದರೆ ಬಾಳವ್ವ ಮಗನನ್ನು ಕಟ್ಟೆ ಹತ್ತಲೂ ಬಿಡಲಿಲ್ಲ. "ಮಗಾ ಇಲ್ಲೇ ಕುಂತಾಗ ಮನಿಯಾರ್ಡರ್ ಬಂದ್ರ ಮಂದಿ ನಗೂದಿಲ್ಲೇನು? ಹಿತ್ತಲಿಂದ ಬಂದು ಅಡಗಿಮನ್ಯಾಗ ಕುಂದರು. ಕೆಮ್ಮಬ್ಯಾಡ ಮತ್ತ!"

ಕಲ್ಮೇಶ ಒಲೆಯ ಹೊಗೆಯಲ್ಲಿ ಬಾಯಿಗೆ ಟಾವೆಲ್ ಒತ್ತಿಕೊಂಡು ಕೂತ. ಕೊನೆಗೂ ಸೈಕಲ್ ಗಂಟೆ ಕೇಳಿಸಿತು.

"ಬಾಳವ್ವಾರ, ಮಗನ ರೊಕ್ಕ ಬಂದೈತ್ರೀ! ಒಂದಲ್ರೀ, ಎರಡ ಬಂದಾವ!"

ತಡವಾಗಿದ್ದ ಬೆಳಗಾವಿಯ ಮನಿಯಾರ್ಡರೂ ಅಂದಿನ ಚೀಲದಲ್ಲೇ ಬಂದಿತ್ತು. ಕಲ್ಮೇಶನಿಗೆ ಹೊಗೆಯಲ್ಲೇ ಕುಣಿಯುವಷ್ಟು ಸಂತೋಷವಾಯಿತು. ಸಂಜೆಯೇ ದುಂಡಪ್ಪನ ಐನೂರು ತೀರಿಸಬಹುದು! ಹೊರಗೆ ಬಾಳವ್ವ ಎರಡು ಸಲ ಹೆಬ್ಬೆಟ್ಟು ಒತ್ತಿದಳು, ಶಿವಬಸವ್ವ ಎರಡು ಸಲ ಸಹಿ ಹಾಕಿದಳು.

"ಒಂದ ತಿಂಗಳಿಗೆ ಎರಡೇನ್ರೀ ಬಾಳವ್ವಾರ?" ಎಂದಳು ಶಿವಬಸವ್ವ.

"ಹೂಂ ಮತ್ತ! ನನ್ನ ಮಗಗ ಪಗಾರ ಹೆಚ್ಚಾಗೈತಿ. ಇನ್ನ ಮ್ಯಾಲ ತಿಂಗಳಾ ಎರಡ ಬರತಾವ."

ಆಕೆ ಒಳಗೆ ಬಂದಾಗ ಕಲ್ಮೇಶ ಕೈ ಚಾಚಿದ. "ಅವ್ವಾ, ಅದರಾಗ ಒಂದ ಐನೂರು ದುಂಡಪ್ಪಂದೈತಿ, ಕೊಡು."

"ಓಣಿ ಮಂದಿ ಮುಂದ ಹೆಬ್ಬಟ್ಟ ಒತ್ತಿ ತಗೊಂಡದ್ದು, ಹಿತ್ತಲ ಬಾಗಲದಾಗ ತಿರಗಿ ಕೊಡ್ಲೇನೋ? ನಾಚಿಕಿ ಬರೂದಿಲ್ಲ ಕೇಳಾಕ?" ಬಾಳವ್ವ ಎರಡನ್ನೂ ಸೆರಗಿನ ತುದಿಗೆ ಗಂಟು ಹಾಕಿದಳು. ಆಮೇಲೆ ಮಗನ ಮುಖ ನೋಡಿ ಕರುಳು ಚುರುಕ್ ಎಂದಿತೇನೋ, ಮೆತ್ತಗಾದಳು.

"ಮುಂದಿನ ತಿಂಗಳ ಎರಡೂ ಒಂದ ದಿನಾ ಕಳಸಬ್ಯಾಡಪಾ, ನಿನಗ ವಜ್ಜ ಆಕ್ಕತಿ. ಹದಿನೈದ ದಿನಕ್ಕೊಂದು ಕಳಸು. ಆ ಶಿವಬಸವ್ವನೂ ಎರಡ ಸಲಾ ನೋಡಿಧಂಗ ಆಕ್ಕತಿ."