ಏರಿಯಾ ಉದ್ಧಾರಕ್ಕೆ ಬಂದ ಕಬಡ್ಡಿ ತಂಡ

ಎಲೆಕ್ಟ್ರಾನಿಕ್ ಸಿಟಿಗೆ ಹೋಗೋ ರಸ್ತೆಯಿಂದ ಒಳಗೆ, ಬೇಗೂರಿನ ಹತ್ತಿರ ನನ್ನದೊಂದು ಚಿಕ್ಕ ತಿಂಡಿ ಹೋಟೆಲ್. ನಮ್ಮ ಏರಿಯಾವನ್ನು ಉದ್ಧಾರ ಮಾಡ್ತೀವಿ ಅಂತ ಯಾರಾದರೂ ಹೊರಟರೆ ಸಾಕು, ಗ್ರಹಚಾರ ನೆಟ್ಟಗೆ ನನ್ನ ಬಾಗಿಲಿಗೇ ಬರುತ್ತೆ. ಲೀಗ್ ಆಡೋ ಕಬಡ್ಡಿ ತಂಡವೊಂದು ನಮ್ಮಲ್ಲಿಗೆ ಬಂದ ವರ್ಷವಂತೂ ಕೇಳಲೇಬೇಡಿ.

ಸಭೆ

ನನ್ನ ಹೋಟೆಲ್ ಎದುರಿನ ಮೈದಾನದಲ್ಲಿ ಆ ತಂಡಕ್ಕೆ ಸರ್ಕಾರದ ದುಡ್ಡಲ್ಲೇ ಒಳಾಂಗಣ ಕ್ರೀಡಾಂಗಣ ಕಟ್ಟಿಕೊಟ್ಟರು. ಬಾಡಿಗೆ ಇಲ್ಲ, ಕರೆಂಟ್ ಬಿಲ್ಲೂ ಇಲ್ಲ. ಯಾಕೆ ಅಂತ ವಿವರಿಸೋಕೆ ಏರಿಯಾದ ಲೀಡರ್ ಸಭೆ ಕರೆದರು.

"ಇದು ಖರ್ಚಲ್ಲ, ಬಂಡವಾಳ. ಆಟಗಾರರು ಬರ್ತಾರೆ, ಜನ ಬರ್ತಾರೆ, ನಿಮ್ಮ ವ್ಯಾಪಾರ ಎಲ್ಲಿಗೋ ಹೋಗುತ್ತೆ!"

ರಾಗಿ ಹೊಲದಲ್ಲಿ ಬಾಡಿಗೆ ಮನೆ ಸಾಲು ಕಟ್ಟಿಸಿರೋ ಪಕ್ಕದ ಯಜಮಾನರು ಎದ್ದು ನಿಂತರು. "ಆಟಗಾರ್ರು ನಮ್ ಮನೆಗ್ಳಲ್ಲಿ ಇರ್ತಾರಾ ಸಾಮಿ?"

"ಇಲ್ಲ ಯಜಮಾನ್ರೇ, ಅವರಿಗೆ ಎಂ.ಜಿ. ರೋಡ್ ಕಡೆ ಸ್ಟಾರ್ ಹೋಟೆಲ್."

"ಊಟ?"

"ಅದೂ ಅಲ್ಲೇ."

"ಅಂಗಾದ್ರೆ ಈ ಸಭೆ ಅಲ್ಲೇ ಮಾಡ್ಬೇಕಿತ್ತಲ್ಲ!"

ಮೊದಲ ಪಂದ್ಯ

ಆದರೂ ಆಸೆ ನೋಡಿ. ಮೊದಲ ಪಂದ್ಯದ ದಿನ ಹೆಂಡತಿ ಬೇಡ ಬೇಡ ಅಂದರೂ ಕೇಳದೆ ದೊಡ್ಡ ಪಾತ್ರೆ ತುಂಬ ಪುಳಿಯೋಗರೆ ಕಲಸಿದೆ. ಮಧ್ಯಾಹ್ನ ಪೊಲೀಸರೊಬ್ಬರು ಬಂದು ನನ್ನ ಬಾಗಿಲಿಗೇ ಅಡ್ಡವಾಗಿ ಬ್ಯಾರಿಕೇಡ್ ಇಟ್ಟರು.

"ಸಾರ್, ಗಿರಾಕಿಗಳು ಹೇಗೆ ಬರ್ತಾರೆ?"

"ವಿಐಪಿ ಕಾರು ಹೋಗೋ ದಾರಿ ಕಣ್ರೀ. ಯಾರೂ ಬರಂಗಿಲ್ಲ."

ಪೊಟ್ಟಣ ಕಟ್ಟಿಕೊಂಡು ಕ್ರೀಡಾಂಗಣದ ಗೇಟಿಗೇ ಹೋದೆ. ಹೊರಗಿನ ತಿಂಡಿ ಒಳಗೆ ಬಿಡಲ್ಲ ಅಂದರು. ಒಳಗೆ ತಂಡದವರದ್ದೇ ಪಾಪ್‌ಕಾರ್ನ್ ಅಂಗಡಿ. ವಾಪಸ್ ಬಂದು ತಲೆ ಮೇಲೆ ಕೈ ಹೊತ್ತು ಕೂತೆ. ಸಂಜೆ ಅದೇ ಪೊಲೀಸರು ಬ್ಯಾರಿಕೇಡ್ ಸರಿಸಿ ಒಳಗೆ ಇಣುಕಿದರು.

"ಏನ್ರೀ, ಒಬ್ರೂ ಗಿರಾಕಿ ಇಲ್ಲ? ತಿಂಡಿ ಚೆನ್ನಾಗಿರಲ್ವಾ?"

ಉದ್ಯೋಗ

ಸ್ಥಳೀಯರಿಗೆ ಕೆಲಸ ಕೊಡಬೇಕು ಅಂತ ಮಾತಾಗಿತ್ತು. ಕೊಟ್ಟರು, ನನ್ನ ಭಾಮೈದನಿಗೆ. "ಟೀಮಲ್ಲಿದೀನಿ ಭಾವ, ಟಿವೀಲಿ ಬರ್ತೀನಿ" ಅಂದ. ಅವನ ತಾಯಿ, ಅಂದರೆ ನಮ್ಮತ್ತೆ, ಬೀದಿಯವರನ್ನೆಲ್ಲ ಕರೆದು ಟಿವಿ ಮುಂದೆ ಕೂರಿಸಿದರು. ಪಂದ್ಯ ಮುಗೀತು, ಮಗ ಕಾಣಲೇ ಇಲ್ಲ. ಅತ್ತೆಗೆ ಅಳುವೇ ಬಂತು.

ಮನೆಗೆ ಬಂದವನನ್ನು ಗದರಿದೆ, "ಎಲ್ಲಿದ್ಯೋ ನೀನು?"

"ಕೋರ್ಟ್ ಸುತ್ತ ಕುಣೀತಿದ್ದ ಕರಡಿ ನೋಡ್ಲಿಲ್ವಾ ಭಾವ? ಆ ವೇಷದೊಳಗೇ ಇದ್ದೆ."

ಅತ್ತೆ ಬಾಯಿಗೆ ಸೆರಗು ಹಿಡಿದರು. "ಅಯ್ಯೋ! 'ಈ ದರಿದ್ರದ ಕರಡಿ ಅಡ್ಡ ಬಂದು ನನ್ ಮಗ ಕಾಣ್ತಿಲ್ಲ' ಅಂತ ಪಂದ್ಯ ಮುಗಿಯೋವರೆಗೂ ಬೈದ್ನಲ್ಲೋ!"

ಪರಿಶೀಲನೆ

ಸೀಸನ್ ಮುಗಿದ ಮೇಲೆ ಅಧಿಕಾರಿಯೊಬ್ಬರು ಸಿಬ್ಬಂದಿ ಸಮೇತ ಬಂದರು. ಅಷ್ಟು ದುಡ್ಡು ಸುರಿದಿದ್ದಕ್ಕೆ ಏರಿಯಾಗೆ ಏನು ಲಾಭವಾಯ್ತು ಅಂತ ನೋಡಿ ಹೇಳಬೇಕಂತೆ. ಮುಂದಿನ ವರ್ಷವೂ ಸರ್ಕಾರ ಕೊಡೋದು ಬಿಡೋದು ಅದರ ಮೇಲೇ ಇತ್ತು. ಒಂದು ವಾರ ಅವರೆಲ್ಲರಿಗೂ ಬೆಳಗ್ಗೆ ತಿಂಡಿ, ಮಧ್ಯಾಹ್ನ ಊಟ, ಸಂಜೆ ಬೋಂಡಾ, ಎಲ್ಲ ನನ್ನಲ್ಲೇ. ವಾರದ ಕೊನೆಗೆ ಅಧಿಕಾರಿ ಕೈ ತೊಳೆದು ಬಂದು ಕೇಳಿದರು.

"ಮ್ಯಾಚ್ ಇದ್ದ ದಿನ ವ್ಯಾಪಾರ ಹೇಗಿತ್ತು?"

"ಸೊನ್ನೆ ಸಾರ್."

"ಈಗ?"

ಇದ್ದಿದ್ದು ಇದ್ದ ಹಾಗೆ ಹೇಳಿದೆ. "ಈ ವಾರ ಪರವಾಗಿಲ್ಲ ಸಾರ್, ನೀವೆಲ್ಲ ಬರ್ತಿದ್ದೀರಲ್ಲ."

ಅಧಿಕಾರಿಯ ಮುಖ ಅರಳಿತು. ಸಿಬ್ಬಂದಿ ಕಡೆ ತಿರುಗಿ ಹೇಳಿದರು:

"ನೋಡಿದ್ರೇನ್ರೀ? ತಂಡ ಇಲ್ದೇ ಇದ್ದಿದ್ರೆ ನಾವು ಬರ್ತಿದ್ವಾ?"